ಅಂಗೈಯಲ್ಲಿ ಕೇಳುತ್ತಿದ್ದವರು

ಮುಳಬಾಗಿಲಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟುತ್ತಿದ್ದ ಸಾಬರಿಗೆ ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ಓಡುವ ಮೋಟಾರಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, “ಇರು ಬೇಟಾ, ಕೈಗೆ ಬರ್ಲಿ” ಅನ್ನುತ್ತಿದ್ದರು.

ನನ್ನ ಎಲೆಕ್ಟ್ರಿಕ್ ಗಿಟಾರಿನ ಸದ್ದು ತೆಳ್ಳಗಿತ್ತು. ನನಗೋ ಎದೆಗೆ ಗುದ್ದುವಂಥ ಸದ್ದು ಬೇಕಿತ್ತು. ತಂತಿಯ ಕಂಪನವನ್ನು ಹಿಡಿಯುವ ಎರಡೂ ಪಿಕಪ್ಪುಗಳನ್ನು ಬಿಚ್ಚಿ ಅವರ ಮುಂದಿಟ್ಟೆ. ಕೂದಲಿಗಿಂತ ಸಣ್ಣ ತಾಮ್ರದ ತಂತಿಯಲ್ಲಿ ಸುತ್ತು ಹೆಚ್ಚಿಸಿ, ಎರಡನ್ನೂ ಸರಿಸಮವಾಗಿ ಕಟ್ಟಿಕೊಟ್ಟರು. ಮೋಟಾರಿನ ಮೂರು ಫೇಸೂ ಸಮ ಇರಬೇಕಲ್ಲ, ಆ ಅಭ್ಯಾಸ.

ನುಡಿಸಿದರೆ ಗಿಟಾರಿನ ಕತ್ತಿನ ಕಡೆಯ ಪಿಕಪ್ಪು ಇನ್ನೊಂದರ ಸದ್ದನ್ನು ನುಂಗಿಹಾಕಿತು. ಹೇಳಲು ಸಂಕೋಚವಾಗಿ ನಾನು ನುಡಿಸುತ್ತಲೇ ಇದ್ದೆ. ಅವರೇ ನನ್ನ ಪುಟ್ಟ ಸ್ಪೀಕರಿಗೆ ಅಂಗೈ ಇಟ್ಟರು, ಬಗ್ಗಿ ಕತ್ತಿನ ಕಡೆ ಗಿಟಾರಿನ ತಂತಿ ನೋಡಿದರು.

“ತಪ್ಪು ನಂದೇ. ಇಲ್ಲಿ ತಂತಿ ಜಾಸ್ತಿ ಕುಣೀತದೆ, ಇದಕ್ಕೆ ಸುತ್ತು ಕಮ್ಮಿ ಸಾಕು.”

ಅಷ್ಟಷ್ಟೇ ಸುತ್ತು ಬಿಚ್ಚುತ್ತಾ, ನುಡಿಸಲು ಹೇಳಿ ಅಂಗೈ ಇಡುತ್ತಾ ಸಂಜೆ ಮಾಡಿದರು. ಕೊನೆಗೆ ಎರಡೂ ಜೋಡಿಯಾದವು. ಅವರ ಮುಖ ಅರಳಿತು.

“ದೊಡ್ಡ ಸ್ಪೀಕರ್ ತಗೊಂಡ್ಮೇಲೆ ಬಾ. ಎದೇಲಿ ಕೇಳ್ತೀನಿ.”

“ಬರ್ತೀನಿ ಸಾಬ್ರೇ” ಅಂತ ಕೂಗಿ ಹೇಳಿದೆ.

ಸ್ಪೀಕರ್ ಕೊಂಡೆ. ಇವತ್ತು ನಾಳೆ ಅಂತ ವರ್ಷ ಕಳೆದ ಮೇಲೆ ಹೊತ್ತುಕೊಂಡು ಹೋದರೆ, ಅವರ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. “ತೀರ್ಕೊಂಡ್ರಲ್ಲಪ್ಪ” ಅಂದರು ಪಕ್ಕದ ಟೀ ಅಂಗಡಿಯವರು. ಸ್ಪೀಕರನ್ನು ಆಟೋದಿಂದ ಇಳಿಸಲೇ ಇಲ್ಲ.

ಈಗಲೂ ಮನೆಯಲ್ಲಿ ನುಡಿಸುವಾಗ ಆ ಸ್ಪೀಕರಿನ ಎದುರು ಒಬ್ಬರು ಕೂರುವಷ್ಟು ಜಾಗ ಬಿಟ್ಟಿರುತ್ತೇನೆ.