ಕಂಚಿಯ ಹಲ್ಲಿ ಮುಟ್ಟಿದ ಕೈ

ವಿಜಯನಗರದ ನಮ್ಮ ಸೀರೆ ಅಂಗಡಿಯಲ್ಲಿ ಮದುಮಗಳ ತಾಯಿಗೆ ಧಾರೆ ಸೀರೆ ಬಿಡಿಸಿ ತೋರಿಸ್ತಾ ಇದ್ದೆ. ಕಂಚಿಯ ನೇಕಾರರ ಪೂರ್ವಜರು ತಾವರೆ ನಾರಿನಲ್ಲಿ ದೇವತೆಗಳಿಗೇ ಬಟ್ಟೆ ನೇಯ್ದರಂತೆ ಅಂತ ಕತೆ ಶುರುಮಾಡಿದ್ದೆ ಅಷ್ಟೇ, ಗೋಡೆ ಮೇಲಿದ್ದ ಹಲ್ಲಿ ಧೊಪ್ಪಂತ ಆ ತಾಯಿಯ ಭುಜದ ಮೇಲೆ ಬಿತ್ತು!

“ಅಪಶಕುನ. ಸೀರೆ ಬೇಡ ಕಣಪ್ಪ,” ಅಂತ ಎದ್ದೇಬಿಟ್ಟರು.

“ಆಂಟಿ, ಹೋದ ವಾರ ತಾನೇ ಕಂಚಿ ದೇವಸ್ಥಾನದ ಹಲ್ಲಿ ಮುಟ್ಟಿ ಬಂದಿದೀನಿ. ನನ್ನ ಮುಟ್ಟಿದ್ರೆ ನಿಮ್ಮ ದೋಷಾನೂ ಹೋಗುತ್ತೆ!”

“ಚಿನ್ನದ ಹಲ್ಲೀನೋ, ಬೆಳ್ಳೀದೋ?”

“ಎರಡೂ ಮುಟ್ಟಿದೀನಿ!”

ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡರು. ಯಾವುದಕ್ಕೂ ಇರಲಿ ಅಂತ ಉಳಿದ ಗಿರಾಕಿಗಳೂ ಸಾಲಾಗಿ ಬಂದು ಮುಟ್ಟಿದರು. ಆ ತಾಯಿ ಎರಡು ಸೀರೆ ತಗೊಂಡು ಹೋದರು.

ಸಂಜೆ ನಾನು ಪೊರಕೆ ಹಿಡ್ಕೊಂಡು ಮತ್ತೆ ಗೋಡೆ ಹತ್ತಿದ್ದ ಹಲ್ಲಿ ಕಡೆ ಹೊರಟರೆ ಯಜಮಾನರು ಓಡಿ ಬಂದು ತಡೆದರು: “ಅದನ್ನ ಓಡಿಸ್ಬೇಡ್ವೋ, ಮದುವೆ ಸೀಸನ್ ಮುಗೀಲಿ!”