ನಂಜುಂಡಸ್ವಾಮಿಯವರ ಕಾರಿನ ಮುಂದಿನ ಬೋರ್ಡು

ನಂಜುಂಡಸ್ವಾಮಿಯವರು ಕಾಯಿದೆಗೆ ಹೆದರುವ ಮನುಷ್ಯ. ಪುಕ್ಕಲು ಎಂದಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಸ್ಟಾಪ್ ಸೈನ್ ಕಂಡರೆ ಕಾರು ಪೂರ್ತಿ ನಿಲ್ಲಿಸಿ, ಎಡಕ್ಕೂ ಬಲಕ್ಕೂ ನೋಡಿ, ಆಮೇಲೇ ಮುಂದಕ್ಕೆ ಬಿಡುವ ಜಾತಿ. ಹಿಂದಿನವನು ಹಾರ್ನ್ ಹೊಡೆದರೆ "ಅವನಿಗೇನು ಹೆರಿಗೆ ನೋವು ಬಂದಿದ್ಯಾ?" ಎನ್ನುವರು. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸಿನ ನೀರು ಸರಬರಾಜಿನ ಆಫೀಸಿನಲ್ಲಿ ಪೈಪುಗಳ ನಕ್ಷೆ ಬರೆಯುತ್ತಾ ಅರ್ಧ ಆಯಸ್ಸು ಕಳೆದರು, ಒಂದೇ ಒಂದು ಟ್ರಾಫಿಕ್ ದಂಡದ ಟಿಕೆಟ್ಟು ತಿಂದವರಲ್ಲ. ಇಂಥವರಿಗೇ ನೋಡಿ, ಏಟು ಬೀಳುವುದು ಕಾಯಿದೆಯ ಕಡೆಯಿಂದಲೇ.

ಅರಿಜೋನಾದಲ್ಲಿ ಕಾರಿಗೆ ಹಿಂದೆ ಮಾತ್ರ ನಂಬರ್ ಪ್ಲೇಟು. ಮುಂದಿನ ಜಾಗ ಖಾಲಿ, ಅದು ಅವರವರ ಇಷ್ಟ. ಒಬ್ಬ ಫುಟ್‌ಬಾಲ್ ತಂಡದ ಹೆಸರು ಹಾಕಿಕೊಂಡರೆ ಇನ್ನೊಬ್ಬ ಮೀನಿನ ಚಿತ್ರ ಹಾಕಿಕೊಳ್ಳುತ್ತಾನೆ. ನಂಜುಂಡಸ್ವಾಮಿಯವರು ಸುಮ್ಮನಿರುತ್ತಾರೆಯೇ? ಒಮ್ಮೆ ಊರಿಗೆ ಹೋದಾಗ ಮದ್ದೂರಿನಲ್ಲಿ ಲಾರಿಗಳಿಗೆ ಬೋರ್ಡು ಬರೆಯುವ ಪೇಂಟರ್ ಅಚ್ಯುತನ ಹತ್ತಿರ ಒಂದು ತಗಡಿನ ಬೋರ್ಡು ಬರೆಸಿದರು. ಕೆಂಪು ಬಣ್ಣದ ಮೇಲೆ ಹಳದಿ ಅಕ್ಷರ, ಎರಡು ಕಡೆಗೂ ಒಂದೊಂದು ಬಿಲ್ವಪತ್ರೆ, ನಡುವೆ 'ಶ್ರೀ ನಂಜುಂಡೇಶ್ವರ ಪ್ರಸನ್ನ'. ಹೆಂಡತಿಯ ಸೀರೆಗಳ ಮಡಿಕೆಯೊಳಗೆ ಕೂತು ಅದು ಸಮುದ್ರ ದಾಟಿ ಬಂತು. ಮೊದಲು ಹಳೆಯ ಕಾರಿನ ಮೂತಿಗೆ, ಅದು ಹೋದಮೇಲೆ ಈಗಿನ ಬೆಳ್ಳಿ ಬಣ್ಣದ ಕ್ಯಾಮ್ರಿಯ ಮೂತಿಗೆ ಹತ್ತಿತು.

ಆ ಬೋರ್ಡು ಕಂಡರೆ ಅವರಿಗಿಂತ ಅವರ ಹೆಂಡತಿ ವೆಂಕಟಮ್ಮನವರಿಗೇ ಹೆಚ್ಚು ಪ್ರೀತಿ. ಅದಕ್ಕೊಂದು ಕಾರಣವಿತ್ತು. ವೆಂಕಟಮ್ಮ ಗಂಡನ ಹೆಸರು ಬಾಯಲ್ಲಿ ಆಡಿದವರಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವರ ಅಜ್ಜಿ ಹೇಳಿಕೊಟ್ಟಿದ್ದಳು. ಮಗಳು ಗಾನವಿಯನ್ನು ಹೆರುವಾಗ ಫೀನಿಕ್ಸಿನ ನರ್ಸು ಗಂಡನ ಹೆಸರು ಕೇಳಿದಾಗ, ನೋವು ತಿನ್ನುತ್ತಿದ್ದರೂ, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ಬೆರಳು ತೋರಿಸಿದರೇ ಹೊರತು ಬಾಯಿ ಬಿಡಲಿಲ್ಲ. ಅಂಥ ಹೆಂಗಸು ಕಾರು ಹತ್ತುವ ಮುಂಚೆ ಬೋರ್ಡಿನ ಮುಂದೆ ನಿಂತು, ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿ, ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಬಾಗಿಲಿಗೆ ಕೈ ಹಾಕುವರು.

"ನನ್ನ ಹೆಸರು ಬೀದೀಲಿ ಕೂಗ್ತೀಯಲ್ಲೇ" ಎಂದು ಇವರು ರೇಗಿಸುವರು.

"ನಿಮ್ಮೆಸ್ರು ನಾನ್ಯಾಕೆ ಕೂಗ್ಲಿ? ದೇವರ ಹೆಸರು ಕಣ್ರೀ ಅದು" ಎಂದು ಅವರು ಮುಖ ತಿರುಗಿಸುವರು. ಮುಖದಲ್ಲಿ ನಗು ಇರುತ್ತಿತ್ತು.

ಆ ವೆಂಕಟಮ್ಮನಿಗೆ ಮರೆವು ಹಿಡಿಯಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಒಲೆ ಆರಿಸುವುದು ಮರೆತರು. ಒಂದು ದಿನ ಪಕ್ಕದ ಬೀದಿಗೆ ಹೋದವರಿಗೆ ಮನೆ ಯಾವುದೆಂದು ತಿಳಿಯದೆ ಬಿಸಿಲಲ್ಲಿ ಕೂತುಬಿಟ್ಟಿದ್ದರು. ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿದ್ದ ಮಗಳು ಗಾನವಿ ಅಳುತ್ತಾ ಫೋನು ಮಾಡಿದಳು. "ಅಪ್ಪಾ, ಇನ್ನು ನೀವಿಬ್ಬರೇ ಇರೋದು ಬೇಡ. ನಮ್ಮನೆ ಹತ್ರಾನೇ ಬಂದ್ಬಿಡಿ." ಬಂದರು. ಮನೆ ಬದಲಾಯಿತು, ಅಡುಗೆಮನೆ ಬದಲಾಯಿತು, ಕಿಟಕಿಯಾಚೆಗಿನ ಗುಡ್ಡವೂ ಬದಲಾಯಿತು. "ಅವರ ಸುತ್ತ ಇರೋ ವಸ್ತುಗಳನ್ನು ಆದಷ್ಟೂ ಬದಲಾಯಿಸಬೇಡಿ" ಎಂದು ಇಲ್ಲಿನ ಡಾಕ್ಟರು ಹೇಳಿದರು. ಹೇಳುವುದಕ್ಕೇನು! ಬದಲಾಗದೆ ಉಳಿದದ್ದು ಕಾರೊಂದೇ. ಎಷ್ಟು ದೊಡ್ಡ ಪಾರ್ಕಿಂಗ್ ಲಾಟಿನಲ್ಲಾದರೂ ವೆಂಕಟಮ್ಮ ಕೆಂಪು ಬೋರ್ಡನ್ನು ಗುರುತು ಹಿಡಿದು "ಅಗೋ ನಮ್ದು" ಎಂದು ಗಂಡನ ಕೈ ಎಳೆಯುವರು. ಅಷ್ಟು ಹೊತ್ತು ನಂಜುಂಡಸ್ವಾಮಿಯವರ ಎದೆ ಹಗುರವಾಗಿರುತ್ತಿತ್ತು. ಕಾರು ಗೊತ್ತಾಗುವವರೆಗೂ ತಾನೂ ಗೊತ್ತಾಗುತ್ತೇನೆ ಎಂದು ಅವರ ಲೆಕ್ಕ.

ಹೊಸ ರಾಜ್ಯಕ್ಕೆ ಬಂದಮೇಲೆ ರಿಜಿಸ್ಟ್ರೇಷನ್ ಬದಲಾಗಲೇಬೇಕಲ್ಲ. ವಾಯಿದೆ ಮೀರುವ ಮೊದಲೇ ಹೋಗಿ ಮಾಡಿಸಿದರು. ರಿಜಿಸ್ಟ್ರೇಷನ್ ಆಫೀಸಿನ ಕಿಟಕಿಯಿಂದ ಒಂದಲ್ಲ, ಎರಡು ಪ್ಲೇಟು ಕೈಗೆ ಬಂದವು. ಕ್ಯಾಲಿಫೋರ್ನಿಯಾದಲ್ಲಿ ಹಿಂದೊಂದು, ಮುಂದೊಂದು. ಹಿಂದಿನದನ್ನು ಅಲ್ಲೇ ಹಾಕಿದರು. ಮುಂದಿನದನ್ನು ಕೈಯಲ್ಲಿ ಹಿಡಿದು ಬೋರ್ಡನ್ನೇ ನೋಡುತ್ತಾ ನಿಂತರು.

"ಅಪ್ಪಾ, ಫ್ರಂಟ್ ಪ್ಲೇಟು ನಮ್ಮ ಈ ಬೇ ಏರಿಯಾದಲ್ಲಿ ಅರ್ಧ ಜನ ಹಾಕಲ್ಲ. ಯಾರೂ ಕೇಳಲ್ಲ, ಬಿಡಿ" ಎಂದಳು ಗಾನವಿ.

"ನಮ್ಮ ಆಫೀಸಿನ ಪಾರ್ಕಿಂಗಲ್ಲಿ ನೋಡ್ಬೇಕು ಮಾವ, ಒಂದು ಟೆಸ್ಲಾಗೂ ಮುಂದೆ ಪ್ಲೇಟಿಲ್ಲ" ಎಂದು ಅಳಿಯ ಹರ್ಷ ದನಿಗೂಡಿಸಿದ. ಅವನು ದಿನಾ ಕೆಲಸಕ್ಕೆ ಸ್ಯಾನ್ ಮಟಿಯೋವರೆಗೆ ಕಾರಿನಲ್ಲಿ ಹೋಗಿಬರುವವನು, ದಾರಿಯ ವಿಷಯ ಬಲ್ಲವನು.

ಜೀವನದಲ್ಲಿ ಮೊದಲ ಸಲ ನಂಜುಂಡಸ್ವಾಮಿಯವರು ಕಾಯಿದೆಗೆ ಬೆನ್ನು ತೋರಿಸಿದರು. ಪ್ಲೇಟು ಗ್ಯಾರೇಜಿನ ಶೆಲ್ಫಿನ ಮೇಲೆ ಕೂತಿತು. ಆದರೆ ತಪ್ಪು ಮಾಡುವುದಕ್ಕೂ ಅಭ್ಯಾಸ ಬೇಕು. ಬೇಸಿಗೆಯ ಒಂದು ಮಧ್ಯಾಹ್ನ ಹಿಂದಿನಿಂದ ಕೆಂಪು ನೀಲಿ ದೀಪ ಮಿನುಗಿತು. ಪೊಲೀಸು ಹುಡುಗ ಒಳ್ಳೆಯವನೇ, ಸಾರ್ ಸಾರ್ ಎಂದೇ ಮಾತಾಡಿದ. ಮುಂದಿನ ಪ್ಲೇಟು ಹಾಕಿ ತೋರಿಸಿದರೆ ಸಾಕು ಎಂದ. ಆದರೆ ಪಕ್ಕದಲ್ಲಿ ಕೂತ ವೆಂಕಟಮ್ಮ ಗಡಗಡ ನಡುಗುತ್ತಾ ಎರಡೂ ಕೈ ಜೋಡಿಸಿ "ತಪ್ಪಾಯ್ತು ಸ್ವಾಮಿ, ಬುಟ್ಬುಡಿ, ತಪ್ಪಾಯ್ತು" ಎಂದು ಅಳತೊಡಗಿದರು. ಮನೆ ಸೇರಿದರೂ ಅಳು ನಿಲ್ಲಲಿಲ್ಲ. ಯಾಕೆ ಅಳುತ್ತಿದ್ದೇನೆ ಎಂಬುದು ಮರೆತುಹೋಗಿತ್ತು, ಹೆದರಿಕೆ ಮಾತ್ರ ಉಳಿದಿತ್ತು.

ಇನ್ನೊಮ್ಮೆ ಅವಳಿಗೆ ಹೀಗಾಗಕೂಡದು ಎಂದು ನಂಜುಂಡಸ್ವಾಮಿಯವರು ಮಾರನೆಯ ಬೆಳಿಗ್ಗೆಯೇ ಸ್ಪ್ಯಾನರ್ ಹಿಡಿದು ಕೂತರು. ತುಕ್ಕು ಹಿಡಿದ ಎರಡು ಬೋಲ್ಟು. ಬೋರ್ಡು ಕೈಗೆ ಬಂದೇಬಿಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಅದೇ ತೂತುಗಳಿಗೆ ಹೊಸ ಪ್ಲೇಟು ಬಿಗಿದರು. ಎಸೆಯಲು ಮನಸ್ಸು ಬಾರದೆ, ಮನೆಯೊಳಗೆ ಒಯ್ದರೆ ಅವಳು ಕೇಳಿಯಾಳೆಂದು, ಬೋರ್ಡನ್ನು ಹಳೇ ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟರು. ಕಾರಿನ ಮೂತಿ ಗ್ಯಾರೇಜಿನ ಗೋಡೆಯ ಕಡೆಗಿತ್ತು. ಆ ದಿನ ಅಂಗಡಿಗೆ ಹೊರಟಾಗ ವೆಂಕಟಮ್ಮ ಪಕ್ಕದ ಬಾಗಿಲಿಂದ ಬಂದು, ಕೈ ಹಿಡಿದು ಕೂರಿಸಿದ ಹಾಗೆ ಕೂತರು. ಬೋರ್ಡು ಓದಲಿಲ್ಲ, ಕೇಳಲೂ ಇಲ್ಲ. ಸದ್ಯ, ಗೊತ್ತಾಗಲಿಲ್ಲ ಎಂದು ಇವರು ನಿಟ್ಟುಸಿರು ಬಿಟ್ಟರು.

ಇಂಡಿಯನ್ ಗ್ರೋಸರಿಯಲ್ಲಿ ಸೊಪ್ಪು, ಅವರೆಕಾಳು, ಒಂದು ಪ್ಯಾಕೆಟ್ ಚಕ್ಕುಲಿ ಕೊಂಡರು. ವೆಂಕಟಮ್ಮ ಉದ್ದಕ್ಕೂ ಟ್ರಾಲಿ ಹಿಡಿದು ನಡೆದರು. ಮಂಡಿ ನೋವಿನವಳನ್ನು ಅಷ್ಟು ದೂರ ನಡೆಸುವುದೇಕೆಂದು ಅವರನ್ನು ಅಂಗಡಿ ಬಾಗಿಲ ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು, ಕಾರು ತರ್ತೀನಿ" ಎಂದು ಹೋದರು. ಕಾರು ತಂದು ನೇರ ಅವರೆದುರಿಗೇ ನಿಲ್ಲಿಸಿದರು.

ವೆಂಕಟಮ್ಮ ಕಾರಿನ ಮೂತಿ ನೋಡಿದರು. ಏಳಲಿಲ್ಲ.

"ಬಾ, ಹತ್ತು" ಎಂದು ಇಳಿದು ಬಂದು ಕೈ ಹಿಡಿದರು.

ಅವರು ಕೈ ಕಿತ್ತುಕೊಂಡರು. "ಯಾರಪ್ಪಾ ನೀನು?"

"ನಾನು ಕಣೇ. ಇದು ನಮ್ಮ ಕಾರು."

"ನಮ್ಮ ಕಾರು ಅಲ್ಲ ಇದು. ಬುಡು ಕೈಯ! ಅಯ್ಯೋ, ಯಾರಾದ್ರೂ ಬನ್ರೋ!"

ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಯುವಕ ನಿಂತ. ಕನ್ನಡದವನೇ, ಸುಮ್ಮನೆ ಹೋಗಲಾಗಲಿಲ್ಲ. "ಆಂಟಿ, ಏನಾಯ್ತು?"

"ನೋಡಪ್ಪಾ, ಯಾರೋ ಏನೋ, ಕಾರು ಹತ್ತು ಹತ್ತು ಅಂತಾವ್ನೆ."

ಯುವಕ ನಂಜುಂಡಸ್ವಾಮಿಯವರನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ಸಹಿಸುವುದು ಅವರಿಂದಾಗಲಿಲ್ಲ. ತನ್ನ ಹೆಂಡತಿಗೆ ತಾನೇ ಗಂಡ ಎಂದು ದಾರಿಹೋಕನಿಗೆ ರುಜುವಾತು ಕೊಡಬೇಕಾಗಿ ಬಂತಲ್ಲ ಶಿವನೇ! ಡ್ರೈವಿಂಗ್ ಲೈಸೆನ್ಸು ತೆಗೆದರು, ಫೋನಿನಲ್ಲಿದ್ದ ಇಬ್ಬರ ಫೋಟೋ ತೋರಿಸಿದರು, "ಮರೆವಿನ ಕಾಯಿಲೆ ಅಪ್ಪಾ" ಎಂದರು. ಯುವಕನ ಮುಖ ಪೆಚ್ಚಾಯಿತು. "ಸಾರಿ ಅಂಕಲ್" ಎಂದ. ಆದರೆ ಅವನು ನಂಬಿದರೆ ಬಂತೇನು? ನಂಬಬೇಕಾದವರು ಬೆಂಚಿನ ಕಂಬಿ ಹಿಡಿದು ಬಿಕ್ಕುತ್ತಿದ್ದರು.

ಆಗ ಹೊಳೆಯಿತು. ಡಿಕ್ಕಿ ತೆಗೆದು, ಟವೆಲು ಬಿಚ್ಚಿ, ಬೋರ್ಡು ತಂದರು. ಕಾರಿನ ಮುಂದೆ ನೆಲದ ಮೇಲೆ ಮಂಡಿಯೂರಿ, ಹೊಸ ಪ್ಲೇಟಿಗೆ ಅಡ್ಡವಾಗಿ, ಅದು ಇರುತ್ತಿದ್ದ ಜಾಗದಲ್ಲೇ ಎರಡೂ ಕೈಯಲ್ಲಿ ಒತ್ತಿ ಹಿಡಿದರು.

ವೆಂಕಟಮ್ಮನ ಬಿಕ್ಕು ನಿಂತಿತು. ಎದ್ದರು. ಹತ್ತಿರ ಬಂದು ಬಗ್ಗಿ, "ಶ್ರೀ... ನಂ...ಜುಂ...ಡೇ...ಶ್ವ...ರ... ಪ್ರ...ಸ...ನ್ನ" ಎಂದು ಓದಿದರು. ಮುಟ್ಟಿ ಕಣ್ಣಿಗೊತ್ತಿಕೊಂಡರು. ನಂಜುಂಡಸ್ವಾಮಿಯವರ ಬೆರಳುಗಳಿಗೂ ಅವರ ಕೈ ತಾಗಿತು. ಬದುಕಿದೆ ಎಂದುಕೊಂಡರು ಇವರು. ವೆಂಕಟಮ್ಮ ತಾವೇ ಹೋಗಿ ತಮ್ಮ ಜಾಗದಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಯುವಕ ಚೀಲಗಳನ್ನು ಹಿಂದಿನ ಸೀಟಿನಲ್ಲಿಟ್ಟು, ಬೇರೆ ಕಡೆ ನೋಡುತ್ತಾ ಹೊರಟುಹೋದ.

ಇವರು ಬೋರ್ಡನ್ನು ಮಡಿಲಲ್ಲಿಟ್ಟುಕೊಂಡೇ ಸ್ಟಿಯರಿಂಗ್ ಮುಂದೆ ಕೂತರು. ವೆಂಕಟಮ್ಮ ಅವರ ಕಡೆ ತಿರುಗಿ ಮೆತ್ತಗೆ ಹೇಳಿದರು, "ಬೇಜಾರ್ ಮಾಡ್ಕೋಬೇಡಪ್ಪ. ನೀನು ಹೊಸಬ, ಗೊತ್ತಾಗ್ನಿಲ್ಲ. ಜಲ್ದಿ ಮನೆಗೆ ಬುಡು. ನಮ್ಮನೆಯೋರು ಕಾಯ್ತಾ ಇರ್ತಾರೆ. ಒಬ್ರೇ ಊಟ ಮಾಡಕಿಲ್ಲ ಅವ್ರು."

ನಂಜುಂಡಸ್ವಾಮಿಯವರಿಗೆ ಕಣ್ಣು ಮಂಜಾಯಿತು. ಕಾರು ಸ್ಟಾರ್ಟ್ ಮಾಡಿದರೂ ಮುಂದಕ್ಕೆ ಬಿಡಲಾಗಲಿಲ್ಲ. ಕೊನೆಯ ಆಸೆಯಿಂದ ಕೇಳಿದರು, "ನಿಮ್ಮನೆಯವರ ಹೆಸರೇನಮ್ಮ?"

ವೆಂಕಟಮ್ಮನಿಗೆ ನಾಚಿಕೆಯೇ ಬಂತು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಗಂಡನ ಹೆಸರು ಯಾರಾದ್ರೂ ಹೇಳ್ತಾರಾ? ಮಡಿಲಲ್ಲೇ ಇಟ್ಕೊಂಡಿದ್ದೀಯಲ್ಲ, ಓದ್ಕೊ."