ಪುದೀನದ ಕುಂಡದಲ್ಲಿ ಸುಮ್ಮನಾದ ಬೆರಳು

ತಿರುವನಂತಪುರದ ಪಟ್ಟಂ ಬಡಾವಣೆಯ ರಸ್ತೆಯಲ್ಲಿ ಬಸ್ಸುಗಳು ಇನ್ನೂ ಖಾಲಿಯಾಗಿ ಓಡುತ್ತಿರುವ ಹೊತ್ತು. ಏಳನೇ ಮಹಡಿಯ ಬಾಲ್ಕನಿಯಲ್ಲಿ ನಿತ್ಯಾನಂದ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ನೀಲಿ ಪಿಂಗಾಣಿ ಕುಂಡ, ಅದರಲ್ಲಿ ಪುದೀನ. ಎಲೆಗಳೆಲ್ಲ ಕತ್ತು ಬಗ್ಗಿಸಿ ಕುಂಡದ ಅಂಚಿಗೆ ಒರಗಿವೆ. ಅವರು ಬಲಗೈಯ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಕಣ್ಣು ಮುಚ್ಚಿ ಕಾಯುತ್ತಾರೆ. ಬೆರಳು ಏನನ್ನೂ ಹೇಳುವುದಿಲ್ಲ.

ಐವತ್ತೆಂಟರ ನಿತ್ಯಾನಂದ ಈ ವಸತಿ ಸಮುಚ್ಚಯದ ಬಾಲ್ಕನಿ ಗಿಡಗಳನ್ನು ನೋಡಿಕೊಳ್ಳುವ ಕೆಲಸಗಾರ. ಹುಟ್ಟಿದ್ದು ಮಂಜೇಶ್ವರದ ಬಳಿ. ಇಪ್ಪತ್ತು ವರ್ಷ ಕೊಚ್ಚಿಯ ಒಂದು ನರ್ಸರಿಯಲ್ಲಿ ದುಡಿದರು. ಆ ಜಾಗ ಕಾರು ನಿಲ್ಲಿಸುವ ತಾಣವಾದ ಮೇಲೆ ತಿರುವನಂತಪುರಕ್ಕೆ ಬಂದು ಒಂದು ಗುತ್ತಿಗೆ ಸಂಸ್ಥೆ ಸೇರಿದರು. ಊರಂಚಿನ ಕಡಲತಡಿಯ ತುಂಬ ಎಂಬಲ್ಲಿ ಮೀನುಗಾರರ ಮನೆಗಳ ನಡುವೆ ಅವರದೊಂದು ಬಾಡಿಗೆ ಕೋಣೆ. ಮೊದಲ ಬಸ್ಸಿಗೆ ಹೊರಟರೆ ಬಿಸಿಲೇರುವ ಮೊದಲು ಸುಮಾರು ಮೂವತ್ತು ಮನೆಗಳ ಕುಂಡಗಳನ್ನು ಅವರು ನೋಡಿ ಮುಗಿಸುತ್ತಾರೆ. ಅವುಗಳಲ್ಲಿ ಹೆಚ್ಚಿನವು ಪುದೀನ. ಹೆಚ್ಚು ದೂರು ಬರುವುದೂ ಅದರ ಮೇಲೆಯೇ.

ದೂರಿಗೆ ಕಾರಣವಿದೆ. ಪುದೀನ ನೀರು ಸಾಲದಿದ್ದರೂ ಬಾಡುತ್ತದೆ, ನೀರು ಹೆಚ್ಚಾದರೂ ಬಾಡುತ್ತದೆ. ಮೊದಲ ಒಂದೆರಡು ದಿನ ಎರಡೂ ಒಂದೇ ಥರ ಕಾಣುತ್ತವೆ. ಬಾಯಾರಿದ ಗಿಡಕ್ಕೆ ನೀರೆರೆದರೆ ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಬೇರು ಕೊಳೆಯುತ್ತಿರುವ ಗಿಡಕ್ಕೆ ಎರೆದರೆ ಅದೇ ಕೊನೆ.

"ಮಧ್ಯಾಹ್ನದ ಬಿಸಿಲಿಗೆ ತಲೆ ಬಗ್ಗಿಸಿದ್ರೆ ಹೆದರ್ಲಿಕ್ಕಿಲ್ಲ, ನೆರಳಿಗಿಟ್ಟು ಸಂಜೆವರೆಗೆ ಕಾಯ್ಬೇಕು," ಎನ್ನುತ್ತಾರೆ ನಿತ್ಯಾನಂದ. "ಇಲ್ಲಿ ಎಂತ ಆಗ್ತದೆ ಅಂದ್ರೆ, ಅಮ್ಮ ಒಂದು ಚೊಂಬು ಹಾಕ್ತಾರೆ, ಪಾಪ ಅಂತ ಮಗಳು ಒಂದು, ಅಡುಗೆಯವಳು ಅಕ್ಕಿ ತೊಳೆದ ನೀರು. ಎಲ್ಲರಿಗೂ ಪ್ರೀತಿ. ಪ್ರೀತಿಯಲ್ಲೇ ಮುಳುಗಿಸಿ ಕೊಲ್ತಾರೆ."

ಹಾಗಾಗದಂತೆ ಮಾಡಬೇಕಾದ್ದನ್ನು ಅವರು ಪ್ರತಿ ಮನೆಯಲ್ಲೂ ಹೇಳುತ್ತಾರೆ. ಕುಂಡದ ತಳದಲ್ಲಿ ತೂತಿರಬೇಕು. ನೀರು ಬೆಳಿಗ್ಗೆ ಮಾತ್ರ, ಅದೂ ಬೆರಳಿಳಿಸಿ ನೋಡಿದ ಮೇಲೆ. ಏಸಿಯ ಬಿಸಿಗಾಳಿ ತಾಗಬಾರದು. ತುದಿಗಳನ್ನು ಆಗಾಗ ಚಿವುಟುತ್ತಿರಬೇಕು. ಬೇರು ಕುಂಡದ ತುಂಬ ಸುತ್ತಿಕೊಂಡರೆ ಬಿಡಿಸಿ ಬೇರೆ ನೆಡಬೇಕು.

ಇವೆಲ್ಲ ನಿಂತಿದ್ದು ಆ ಬೆರಳಿನ ಮೇಲೆ. ಸಕ್ಕರೆ ಕಾಯಿಲೆ ಮೊದಲು ಅವರ ಪಾದಕ್ಕೆ ಬಂತು, ಕಳೆದ ಮಳೆಗಾಲದಲ್ಲಿ ಕೈಗೆ ಬಂತು. ಬೆರಳ ತುದಿಗಳಿಗೆ ಈಗ ಬಿಸಿ, ತಂಪು, ಒದ್ದೆ ಯಾವುದೂ ತಿಳಿಯುವುದಿಲ್ಲ. ಹೋದ ಸ್ಪರ್ಶ ಮರಳುವ ಭರವಸೆ ಇಲ್ಲ ಎಂದು ಸರ್ಕಾರಿ ಆಸ್ಪತ್ರೆಯ ವೈದ್ಯರು ಹೇಳಿದ್ದಾರೆ. ಕುಂಡ ಎತ್ತಿ ತೂಕ ನೋಡೋಣವೆಂದರೆ ಪಿಂಗಾಣಿಯ ಭಾರ ಮಣ್ಣಿನ ಭಾರವನ್ನು ಮುಚ್ಚುತ್ತದೆ. ಬೆರಳಿಗೆ ಅಂಟಿದ್ದನ್ನು ಕಣ್ಣಿನಿಂದ ನೋಡಿಯೂ ಪ್ರಯೋಜನವಿಲ್ಲ. ಕುಂಡಗಳಲ್ಲಿರುವುದು ಬಹುಪಾಲು ತೆಂಗಿನ ನಾರಿನ ಪುಡಿ. ಈ ಊರಿನ ಬೆವರುಗೈಗೆ ಒಣ ಪುಡಿಯೂ ಅಂಟುತ್ತದೆ.

ಒಂದು ದಾರಿಯನ್ನು ಅವರೇ ಕಂಡುಕೊಂಡಿದ್ದರು. ಆಳದಿಂದ ಚಿಟಿಕೆ ಮಣ್ಣು ತೆಗೆದು ಕೆಳತುಟಿಗೆ ತಾಗಿಸುವುದು. ತುಟಿಗೆ ಇನ್ನೂ ಸ್ಪರ್ಶವಿದೆ. ಕೆಲವು ತಿಂಗಳು ಹಾಗೇ ನಡೆಯಿತು. ಒಂದು ದಿನ ಎದುರಿನ ಬಾಲ್ಕನಿಯವರು ಕಂಡು, ಗಿಡದವನು ಮಣ್ಣು ತಿನ್ನುತ್ತಾನೆ ಎಂದು ದೂರಿತ್ತರು. ಮೇಲ್ವಿಚಾರಕ ಹೃಷಿಕೇಶ್ ಕರೆದು, ಇನ್ನೊಮ್ಮೆ ಹಾಗೆ ಮಾಡಕೂಡದು, ಇನ್ನೊಂದು ಮನೆಯಲ್ಲಿ ಗಿಡ ಸತ್ತರೆ ಕೆಲಸವೂ ಇರುವುದಿಲ್ಲ ಎಂದರು.

ನೀಲಿ ಕುಂಡದ ಒಡತಿ ವಿಜಯಶ್ರೀ, ಬ್ಯಾಂಕ್ ಅಧಿಕಾರಿ, ಧಾರವಾಡದವರು. ಆರಂಭದಲ್ಲಿ ನಿತ್ಯಾನಂದರಿಗೆ ಈ ಮಹಡಿಯ ಮನೆಗಳನ್ನೆಲ್ಲ ಪರಿಚಯಿಸಿದವರು ಇವರೇ. ಅವರು ಚಹಾ ಹಿಡಿದು ಬಾಗಿಲಿಗೆ ಬರುತ್ತಾರೆ. ಊರಿನ ರೂಢಿಯಂತೆ ನಿತ್ಯಾನಂದರನ್ನು ಚೇಟ್ಟಾ, ಅಂದರೆ ಅಣ್ಣ, ಎನ್ನುತ್ತಾರೆ.

"ಏನಾತ್ರಿ ಚೇಟ್ಟಾ, ಇವತ್ತೂ ಏಳವಲ್ದಲ್ಲ ಇದು?"

"ಮೇಡಂ, ನಿಮ್ಮ ಬೆರಳು ಒಮ್ಮೆ ಇದರಲ್ಲಿ ಇಡಿ. ಒದ್ದೆ ಉಂಟಾ ಹೇಳಿ."

ವಿಜಯಶ್ರೀ ನಗುತ್ತಲೇ ಬೆರಳಿಡುತ್ತಾರೆ. "ಒದ್ದಿ ಐತಿ. ಅಲ್ಲ, ತಣ್ಣಗೈತಿ ಅಷ್ಟ. ಗೊತ್ತಾಗವಲ್ದುರಿ. ನಿಮಗ ಗೊತ್ತಿರಬೇಕಲ್ಲ?"

ನಿತ್ಯಾನಂದ ಕುಂಡವನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಮೊನ್ನೆ ಎಲೆ ಬಾಗಿದಾಗ ಬೆರಳಿಟ್ಟಿದ್ದರು, ಏನೂ ತಿಳಿದಿರಲಿಲ್ಲ, ಒಣಗಿರಬಹುದೆಂದು ನೀರೆರೆದಿದ್ದರು. ನಿನ್ನೆಯೂ ಎರೆದಿದ್ದರು. ಈಗ ಹಳೆಯ ಪತ್ರಿಕೆ ಹಾಸಿ ಕುಂಡವನ್ನು ಬೋರಲು ಹಾಕಿ ತಟ್ಟುತ್ತಾರೆ. ಮಣ್ಣುಗಡ್ಡೆ ಜಾರಿ ಬೀಳುತ್ತದೆ. ಬೆಳ್ಳಗಿರಬೇಕಾದ ಬೇರುಗಳು ಕಂದಾಗಿವೆ, ಮುಟ್ಟಿದರೆ ಸಿಪ್ಪೆ ಕಳಚುತ್ತವೆ. ಚರಂಡಿಯಂಥ ವಾಸನೆ ಬಾಲ್ಕನಿ ತುಂಬುತ್ತದೆ.

"ಇದಕ್ಕೆ ಬಾಯಾರಿಕೆ ಇರಲಿಲ್ಲ ಮೇಡಂ. ನಾನೇ ಕೊಂದದ್ದು. ನನ್ನ ಬೆರಳಿಗೆ ಈಗ ಎಂತದೂ ಗೊತ್ತಾಗುದಿಲ್ಲ."

ವಿಜಯಶ್ರೀ ಆ ಬೆರಳುಗಳನ್ನೊಮ್ಮೆ ನೋಡುತ್ತಾರೆ. "ಹೋಗ್ಲಿ ಬಿಡ್ರಿ. ಪುದೀನ ಅಷ್ಟ ಅಲ್ಲೇನ್ರಿ? ಸಂಜಿ ಮುಂದ ಅಂಗಡ್ಯಾಗ ತರ್ತೀನಿ. ಹೃಷಿಕೇಶ್ ಅವರಿಗೆ ನಾ ಏನೂ ಹೇಳೂದಿಲ್ಲ."

"ನೀವು ಹೇಳುದು ಬೇಡ, ನಾನೇ ಹೇಳ್ತೇನೆ. ನಾಳೆ ಬೇರೆ ಮನೆಯದ್ದು ಸಾಯ್ತದೆ."

ಸತ್ತ ಗಿಡದಲ್ಲಿ ಇನ್ನೂ ಹಸಿರಾಗಿರುವ ತುದಿಗಳನ್ನು ಅವರು ಕತ್ತರಿಸುತ್ತಾರೆ, ಕೆಳಗಿನ ಎಲೆ ಬಿಡಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸುತ್ತಾರೆ. ವಾರದಲ್ಲಿ ಬೇರು ಬರಬಹುದು. "ಬೇರು ಬಂದ್ರೆ ಗಾಜಿನಲ್ಲಿ ಕಾಣ್ತದೆ, ಅದಕ್ಕೆ ಬೆರಳು ಬೇಡ. ಮತ್ತೆ ಮಣ್ಣಿಗೆ ಹಾಕ್ಬೇಕಲ್ಲ, ಅದನ್ನು ನನ್ನ ಜಾಗಕ್ಕೆ ಬರುವ ಹೊಸಬನ ಹತ್ತಿರ ಹೇಳಿ."

ಮೆಟ್ಟಿಲ ಬಳಿ ನಿಂತು ಅವರೇ ಹೃಷಿಕೇಶ್‌ಗೆ ಫೋನ್ ಮಾಡುತ್ತಾರೆ. ಮಲಯಾಳದಲ್ಲಿ ನಾಲ್ಕೇ ಮಾತು. ಆ ಕಡೆಯಿಂದ ಬಂದದ್ದು ಇನ್ನೂ ಕಡಿಮೆ. ಇವತ್ತಿನ ಮನೆಗಳನ್ನು ಮುಗಿಸಿ, ತಮ್ಮ ಬಳಿಯಿರುವ ಮನೆಗಳ ಕೀಲಿಗಳನ್ನು ಹಿಂದಿರುಗಿಸಬೇಕು; ನಾಳೆಯಿಂದ ಕೆಲಸವಿಲ್ಲ. ಮುಂದೇನು ಎಂದು ಕೇಳಿದರೆ, "ಎಂತ ಇಲ್ಲ. ನನಗೆ ಬೇರೆ ಕೆಲಸ ಬರುದಿಲ್ಲ," ಎನ್ನುತ್ತಾರೆ.

ಪಕ್ಕದ ಮನೆಯ ಬಾಲ್ಕನಿಯಲ್ಲೂ ಒಂದು ಪುದೀನ ತಲೆ ಬಗ್ಗಿಸಿದೆ. ಅಭ್ಯಾಸದಂತೆ ಬೆರಳು ಮಣ್ಣಿಗಿಳಿಯುತ್ತದೆ. "ಗೊತ್ತಾಗುದಿಲ್ಲ ಅಂತ ಗೊತ್ತುಂಟು. ಆದ್ರೂ ಅದು ಹೋಗ್ತದೆ." ನಿತ್ಯಾನಂದ ಎದುರಿನ ಬಾಲ್ಕನಿಗಳತ್ತ ನೋಡುತ್ತಾರೆ. ಅಲ್ಲಿ ಒಬ್ಬರು ಬಟ್ಟೆ ಹರವುತ್ತಾ ಇತ್ತಲೇ ನೋಡುತ್ತಿದ್ದಾರೆ. ಇವತ್ತು ನಿತ್ಯಾನಂದ ಬೆನ್ನು ತಿರುಗಿಸಿ ಕೂರುವುದಿಲ್ಲ. ಚಿಟಿಕೆ ಮಣ್ಣು ತೆಗೆದು ಕೆಳತುಟಿಗೆ ತಾಗಿಸಿ ಒದ್ದೆ ನೋಡುತ್ತಾರೆ. ಆಮೇಲೆ ತುಟಿ ಒರೆಸಿಕೊಂಡು, ತುಂಬಿದ ನೀರಿನ ಜಗ್ಗನ್ನು ಕೆಳಗಿಡುತ್ತಾರೆ.

"ಇದಕ್ಕೆ ಇವತ್ತು ನೀರು ಬೇಡ."